ಎತ್ತು ತಿರುಗಿದ ಒಂಬತ್ತು ಕಡೆ

ನಾಕೆ

ಹುಬ್ಬಳ್ಳಿಯಿಂದ ಪರದೇಶಕ್ಕೆ ಹೋಗಲು ಹಡಗು ಹತ್ತಬೇಕಾಗಿಲ್ಲ. ಸಣ್ಣ ಹಳಿಯ ಗಾಡಿಯಲ್ಲಿ ಹೊಟಗಿಯವರೆಗೆ ಹೋಗಿ, ಅಲ್ಲಿ ದೊಡ್ಡ ಹಳಿಯ ಗಾಡಿಗೆ ಬದಲಾಯಿಸಿ ಕೆಲವು ತಾಸು ಕುಳಿತರೆ ಸಾಕು, ನಿಜಾಮರ ರಾಜ್ಯ ಬರುತ್ತದೆ. ಅಲ್ಲಿ ನಾಣ್ಯ ಬೇರೆ, ಅಂಚೆಯ ಚೀಟಿ ಬೇರೆ, ಕಚೇರಿಯ ಭಾಷೆ ಬೇರೆ. ಕಿಟಕಿಯಾಚೆಯ ಜೋಳದ ಹೊಲ ಮಾತ್ರ ಅದೇ.

ಗಡಿಯ ನಾಕೆಯಲ್ಲಿ, ಅಂದರೆ ತಪಾಸಣೆಯ ಕಟ್ಟೆಯಲ್ಲಿ, ಪೆಟ್ಟಿಗೆ ಬಿಚ್ಚಿಸಿದರು. ನನ್ನದರಲ್ಲಿ ಎರಡು ಧೋತರ, ಒಂದು ಕೋಟು, ನಡೆಯಲೆಂದೇ ಹೊಲಿಸಿಕೊಂಡ ಒಂದು ಜೊತೆ ಹೊಸ ಬೂಟು ಇದ್ದವು. ಬೂಟುಗಳನ್ನು ನಾನು ಕೆಲಸ ಮಾಡುವ ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಸುತ್ತಿದ್ದೆ. ನಾಕೆಯವರು ಬೂಟನ್ನು ಮುಟ್ಟಲೂ ಇಲ್ಲ. ಹಾಳೆಯನ್ನು ಮಾತ್ರ ಬಿಡಿಸಿ, ಸುಕ್ಕು ತೀಡಿ, ಕನ್ನಡ ಬಲ್ಲ ಒಬ್ಬರನ್ನು ಕರೆಸಿ ಮೊದಲಿನಿಂದ ಕೊನೆಯವರೆಗೆ ಓದಿಸಿದರು. ಅದರಲ್ಲಿದ್ದದ್ದು ಅರಳೆಯ ಧಾರಣೆ, ಒಂದು ಮದುವೆಯ ಸುದ್ದಿ, ಕಳೆದುಹೋದ ಎಮ್ಮೆಯೊಂದರ ಜಾಹೀರಾತು. ಅಷ್ಟು ಗಮನವಿಟ್ಟು ನಮ್ಮ ಪತ್ರಿಕೆ ಓದಿದವರನ್ನು ನಾನು ಊರಿನಲ್ಲಿ ಕಂಡಿಲ್ಲ. ಕೊನೆಗೆ ಬೂಟು ನನಗೆ ಬಂತು, ಪತ್ರಿಕೆ ಅವರಲ್ಲಿ ಉಳಿಯಿತು.

ಎದುರಿಗೆ ಕುಳಿತಿದ್ದ ಹಿರಿಯರು ಮೀಸೆಯಲ್ಲೇ ನಕ್ಕರು. "ಎಮ್ಮಿ ಸಿಕ್ತೋ ಇಲ್ಲೋ ಅಂತ ಅವರು ಕೇಳಲಿಲ್ಲೇನ್ರಿ?"

ಅವರು ಬೈಲಹೊಂಗಲದ ಕಡೆಯ ಗುರಪ್ಪ. ಪಲ್ಟನ್ನಿನಲ್ಲಿ ಹವಾಲ್ದಾರರಾಗಿದ್ದವರು, ದೊಡ್ಡ ಯುದ್ಧದಲ್ಲಿ ಬಸ್ರಾದ ಕಡೆ ಎರಡು ವರ್ಷ ಕಳೆದು ಬಂದವರು. ಮಾತಿಗೆ ಮಾತು ಸೇರಿದಾಗ ಇಬ್ಬರೂ ಒಂದೇ ಕಾರ್ಡಿನ ಕರೆಗೆ ಹೊರಟವರೆಂದು ತಿಳಿಯಿತು. ಗುಲಬರ್ಗೆಯ ಶಾಂತಪ್ಪ ಮಾಸ್ತರರೆಂಬವರು ನಮ್ಮ ಪತ್ರಿಕೆಗೆ ಒಂದು ಕಾರ್ಡು ಬರೆದಿದ್ದರು: ಹಳೆಯ ರಣಭೂಮಿಗಳನ್ನು ಕಾಲ್ನಡಿಗೆಯಲ್ಲಿ ತೋರಿಸುತ್ತೇನೆ, ವಾರದ ಕೊನೆಗೆ ಎರಡು ದಿನ, ಬರುವವರು ನೀರಿನ ಚೆಂಬು ತರಬೇಕು. ನಾವು ಅಚ್ಚು ಹಾಕಿದೆವು. ಆಮೇಲೆ ಎರಡನೆಯ ಕಾರ್ಡು ಬಂತು: "ನಮ್ಮ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ಗುರುವಾರ, ಶುಕ್ರವಾರ ಎಂದು ಓದಿಕೊಳ್ಳಬೇಕು." ಇದನ್ನೂ ಅಚ್ಚು ಹಾಕಿದೆವು, ಆದರೆ ಒಳಪುಟದ ಕೆಳಮೂಲೆಯಲ್ಲಿ.

ಗುರುವಾರ: ಸ್ಟೇಷನ್ನು, ಕೋಟೆ

ಅಕ್ಷರದಿಂದ ಹೊಟ್ಟೆ ಹೊರೆಯುವ ನಾನು ಗುಲಬರ್ಗೆಯ ಸ್ಟೇಷನ್ನಿನಿಂದ ಹೊರಬಿದ್ದ ಕೂಡಲೇ ಅನಕ್ಷರಸ್ಥನಾದೆ. ಅಂಗಡಿ, ಕಚೇರಿ, ದವಾಖಾನೆ, ಎಲ್ಲದರ ಮೇಲೂ ಉರ್ದು. ಆ ಹಲಗೆಗಳ ಕೆಳಗೆ ನಿಂತ ಜನ ಆಡುತ್ತಿದ್ದದ್ದು ಕನ್ನಡ. ಇಡೀ ಚೌಕದಲ್ಲಿ ನಾನು ಓದಬಲ್ಲದ್ದು ಒಂದೇ ಪದ. ಅದನ್ನು ಸಣಕಲು ಮನುಷ್ಯರೊಬ್ಬರು ಶಾಲೆಯ ಪಾಟಿಯ ಮೇಲೆ ಬಳಪದಿಂದ ಬರೆದು ಎದೆಗೆ ಹಿಡಿದು ನಿಂತಿದ್ದರು: "ನಡೆಯುವವರು".

ಇವರೇ ಶಾಂತಪ್ಪ ಮಾಸ್ತರರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಕಂಕುಳಲ್ಲಿ ಕೊಡೆ. ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡದ ಮಕ್ಕಳಿಗೆ ಉರ್ದುವಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು.

"ಇಬ್ಬರೇ ಏನ್ರಿ? ವಿಜಾಪುರದ ವಕೀಲರೊಬ್ರು ಬರ್ತೀನಿ ಅಂತ ಬರ್ದಿದ್ರು."

ಗಾಡಿಯಿಂದ ಇನ್ನಾರೂ ಇಳಿಯಲಿಲ್ಲ. ನಡೆಯತೊಡಗಿದೆವು.

ಸ್ಟೇಷನ್ನಿನಿಂದ ಊರೊಳಗೆ ಹೋಗುವ ರಸ್ತೆಯ ಎರಡೂ ಬದಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟು ಹೊಸದಾಗಿ ಸುಣ್ಣ ಬಳಿದಿದ್ದರು. ಹವಾಲ್ದಾರರು ಇದೇನೆಂದು ಕೇಳಿದರು.

"ಯಾರೋ ದೊಡ್ಡ ಅಧಿಕಾರಿ ದೌರಾ ಬಂದಿರಬೇಕು," ಎಂದರು ಮಾಸ್ತರರು. "ದೌರಾ ಅಂದ್ರ ಇಲ್ಲಿ ಮೊದ್ಲು ಕಲ್ಲಿಗೆ ಸುಣ್ಣ. ಸಾಹೇಬರು ಬರ್ತಾರ, ಹೋಗ್ತಾರ, ಕಲ್ಲು ಬೆಳ್ಳಗ ಉಳೀತಾವ."

ನಮ್ಮ ಕಡೆ ಸಾಹೇಬರಿಗೆ ಹಾರ ಹಾಕುತ್ತಾರೆ, ಹಾರ ಸಂಜೆಗೆ ಬಾಡುತ್ತದೆ. ಇಲ್ಲಿಯ ಪದ್ಧತಿ ಹೆಚ್ಚು ಬಾಳಿಕೆಯದು ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಅದು ಮರುದಿನ ಎಷ್ಟು ಉಪಯೋಗಕ್ಕೆ ಬರುವುದೆಂದು ಆಗ ಗೊತ್ತಿರಲಿಲ್ಲ.

ಕೋಟೆಯ ಬುರುಜಿನ ಮೇಲೆ ಉದ್ದನೆಯ ತೋಪೊಂದು, ಹಳೆಯ ಕಾಲದ ಫಿರಂಗಿ, ಮಲಗಿದೆ. ಅದರ ನೆರಳಿನಲ್ಲಿ ಒಬ್ಬಾಕೆ ಶೇಂಗಾ ಸುಲಿಯುತ್ತಿದ್ದಳು. ಮಾಸ್ತರರನ್ನು ಕಂಡು ಸೆರಗು ಸರಿಮಾಡಿಕೊಂಡು, "ಕಲ್ಲು ಮಾಸ್ತರ್ ಬಂದ್ರು ನೋಡ್ರಿ, ಏಳ್ರಿ," ಎಂದು ಯಾರಿಗೋ ಕೂಗಿ ಹೇಳಿದಳು. ಊರಿನಲ್ಲಿ ಅವರ ಹೆಸರೇ ಅದು. ಅವರಿಗೆ ಅದರಿಂದ ಬೇಸರವಿದ್ದಂತೆ ಕಾಣಲಿಲ್ಲ.

ಮಾಸ್ತರರು ಯುದ್ಧದ ಕಥೆಯಲ್ಲಿ ರಾಜರ ಹೆಸರು ಹೇಳುವುದಿಲ್ಲ. "ಮೇಲಿನವರು", "ಕೆಳಗಿನವರು" ಎನ್ನುತ್ತಾರೆ. ದಿಬ್ಬದ ಮೇಲಿದ್ದವರು ಮೇಲಿನವರು, ಬಯಲಿನಲ್ಲಿದ್ದವರು ಕೆಳಗಿನವರು. ನೀರು ಎಲ್ಲಿಂದ ಬಂತು, ಎತ್ತುಗಳು ಎಲ್ಲಿ ಸಿಕ್ಕಿಕೊಂಡವು, ಬಿಸಿಲು ಯಾರ ಕಣ್ಣಿಗೆ ಹೊಡೆಯಿತು, ಇಷ್ಟು ಹೇಳಿ ನಿಲ್ಲಿಸುತ್ತಾರೆ.

"ಗೆದ್ದವರು ಯಾರ್ರಿ?" ಹವಾಲ್ದಾರರು ಕೇಳಿದರು.

"ಅದು ಹೇಳಂಗಿಲ್ರಿ."

"ಗೊತ್ತಿಲ್ಲೋ, ಹೇಳಂಗಿಲ್ಲೋ?"

"ಮೂವತ್ತು ವರ್ಷ ಹೇಳೀನ್ರಿ. ಯಾರು ಗೆದ್ರು ಅಂದ ಕೂಡ್ಲೆ ಹುಡುಗರು ಪಾಟಿ ಮುಚ್ಚಿ ಎದ್ದು ಹೋಗ್ತಿದ್ರು. ಈಗ ನಿಮಗ ಹೇಳಿದ್ರ ನೀವೂ ಇಲ್ಲೇ ನಿಂತುಬಿಡ್ತೀರಿ. ಇನ್ನೂ ಎರಡು ಮೈಲಿ ನಡೀಬೇಕದ."

ತೋಪಿಗೆ ಒರಗಿ ಕುಳಿತಾಗ ಅವರು ತಮ್ಮ ಸಂಗತಿ ಹೇಳಿದರು. ಕಮಲಾಪುರದ ಆಚೆ ಶರಣಮ್ಮ ಎಂಬ ರೈತಳ ಹೊಲವೊಂದಿದೆ. ಆ ಕರಿ ಮಣ್ಣಿನಲ್ಲಿ ಹನ್ನೊಂದು ದುಂಡು ಕಲ್ಲುಗಳು ಅರ್ಧ ಹೂತು ನಿಂತಿವೆ. ತೋಪಿನ ಗುಂಡುಗಳು. ಊರವರಿಗೆ ಅವು ಉಳುಮೆಗೆ ಅಡ್ಡ ಬರುವ ಕಲ್ಲು, ಅಷ್ಟೆ. ಹತ್ತು ವರ್ಷ ಅಳೆದು, ಹೆಜ್ಜೆ ಎಣಿಸಿ, ಮಾಸ್ತರರು ಒಂದು ಸಂಗತಿ ಕಂಡುಕೊಂಡಿದ್ದರು. ಅವು ಬಿದ್ದಿರುವ ರೀತಿ ಬೀಸಣಿಗೆಯಂತಿದೆ, ಬೀಸಣಿಗೆಯ ಹಿಡಿ ಪೂರ್ವದ ದಿಬ್ಬದ ಕಡೆಗಿದೆ. ತೋಪುಗಳು ಆ ದಿಬ್ಬದ ಮೇಲಿದ್ದವು, ಯುದ್ಧ ನಡೆದದ್ದು ಆ ಹೊಲದಲ್ಲೇ. ಇದನ್ನೆಲ್ಲ ಒಂದು ನಕ್ಷೆಯಲ್ಲಿ ಬರೆದಿದ್ದರು.

ಹೊರಗಿನ ರಾಜ್ಯದ ಪತ್ರಿಕೆಗೆ ಕಾರ್ಡು ಬರೆಯುವ, ಪರಸ್ಥಳದವರನ್ನು ಕರೆದುಕೊಂಡು ಕೋಟೆ ಸುತ್ತುವ, ಕೈಯಲ್ಲಿ ನಕ್ಷೆ ಇಟ್ಟುಕೊಂಡ ಮನುಷ್ಯ ಯಾವ ರಾಜ್ಯದಲ್ಲಿಯೂ ಪೊಲೀಸರ ಕಣ್ಣಿಗೆ ಬೀಳುತ್ತಾನೆ. ಒಂದು ಕಚೇರಿಯವರು ನಕ್ಷೆಯನ್ನು ಜಪ್ತಿ ಮಾಡಿದರು. ಹೊಲ ನಿಜವಾಗಿ ರಣಭೂಮಿಯೇ ಎಂದು ಹೈದರಾಬಾದಿನ ತಜ್ಞರು ಬರೆದುಕೊಟ್ಟರೆ ನಡಿಗೆಗೆ ಪರವಾನಗಿ ಸಿಗುತ್ತದೆ, ಇಲ್ಲವಾದರೆ ಇದೇ ಕೊನೆಯ ನಡಿಗೆ, ಎಂದು ತಿಳಿಸಿದರು. ಹಳೆಯ ಕಟ್ಟಡ, ಹಳೆಯ ಶಾಸನಗಳನ್ನು ಪರೀಕ್ಷಿಸುವ ಅಧಿಕಾರಿಯೊಬ್ಬರು, ಮುನೀರ್ ಸಾಹೇಬರು, ತಮ್ಮ ರಜೆಯ ದಿನವಾದ ಶುಕ್ರವಾರ ಬರಲು ಒಪ್ಪಿದ್ದರು.

"ನಾಳೆ ಕಲ್ಲು ತೋರಿಸ್ತೀನಿ. ಕಲ್ಲು ಸುಳ್ಳು ಹೇಳಂಗಿಲ್ಲ," ಎಂದರು ಮಾಸ್ತರರು. "ಸೋಮವಾರನೇ ಕಮಲಾಪುರದ ಮೋಟಾರಿನವನ ಕೈಯಾಗ ಶರಣಮ್ಮಗ ಚೀಟಿ ಕಳ್ಸೀನಿ. ಸಾಹೇಬರು ಬರ್ತಾರ, ಎಲ್ಲಾ ಬಂದೋಬಸ್ತು ಇರ್ಲಿ ಅಂತ. ಕುಡಿಯೋ ನೀರು, ಕೂಡ್ಲಿಕ್ಕೆ ನೆರಳು, ಅಷ್ಟೇ."

ಗುರುವಾರ ಸಂಜೆ: ಶರಣಸಿರಸಗಿ

ಊರ ಅಂಚಿನ ಶರಣಸಿರಸಗಿಯ ಹೊಲಗಳಲ್ಲಿ ಮಾಸ್ತರರು ನಮ್ಮನ್ನು ಎರಡು ಸೈನ್ಯ ಮಾಡಿದರು. ಹವಾಲ್ದಾರರು ಒಂದು ಸೈನ್ಯ, ನಾನು ಇನ್ನೊಂದು. ಸೈನ್ಯಕ್ಕೆ ನೀರು ಹೊತ್ತವರ ಕಷ್ಟ ತಿಳಿಯಲೆಂದು, ತುಂಬಿದ ಕೊಡ ಹೊತ್ತು ಎರಡು ತುದಿಯಿಂದ ನಡೆದು ಹೊಲದ ನಡುವೆ ಸೇರಬೇಕು. ಕರಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಪ್ರತಿ ಬಿರುಕಿಗೂ ಕಾಲು ಹಿಡಿಯುವಷ್ಟು ಬಾಯಿ. ಅರ್ಧ ದಾರಿಯಲ್ಲಿ ನನ್ನ ಹೊಸ ಬೂಟು ಎರಡೂ ಹಿಮ್ಮಡಿಯ ತೊಗಲು ತೆಗೆದಿತ್ತು. ಹವಾಲ್ದಾರರು ಬರಿಗಾಲಲ್ಲಿ ಬಂದು, ಒಂದು ಹನಿ ಚೆಲ್ಲದೆ ಕೊಡ ಇಳಿಸಿ, ನನ್ನನ್ನು ನೋಡಿ, "ಪತ್ರಿಕೀ ಸೈನ್ಯ ಸೋತಿತು. ಇದನ್ನಾದ್ರೂ ಹೇಳಬಹುದಲ್ರಿ ಮಾಸ್ತರ?" ಎಂದರು.

ಬದುವಿನ ಮೇಲೆ ಕುಳಿತಿದ್ದ ರೈತನೊಬ್ಬ ಏನನ್ನೂ ಕೇಳದೆ ತನ್ನ ಕಾಲಿನ ಚಪ್ಪಲಿ ಬಿಚ್ಚಿ ನನ್ನ ಮುಂದಿಟ್ಟ. ಅವನ ಹೆಸರು ಕೇಳಿದೆ. ಹೆಸರಿಗೇಕೆ ಅವಸರ ಎನ್ನುವಂತೆ ಕೈಬೀಸಿದ. "ಮೊದ್ಲು ಕೂಡ್ರಿ. ನಾಳಿಗಿ ಕೊಡ್ರಿ, ಇಲ್ಲಾ ಮುಂದಿನ ವರ್ಷ ಕೊಡ್ರಿ. ನಾ ಎಲ್ಲಿ ಹೋಗ್ತೀನಿ?"

ನಮ್ಮ ಊರಿನಲ್ಲಿ ಹೊಸಬರನ್ನು ಮೊದಲು ಎಲ್ಲಿಯವರೆಂದು ಕೇಳುತ್ತೇವೆ, ಆಮೇಲೆ ಕೂರಿಸುತ್ತೇವೆ. ಇಲ್ಲಿ ಕೂರಿಸಿದ ಮೇಲೆ ಕೇಳುವುದನ್ನು ಮರೆಯುತ್ತಾರೆ.

ಶುಕ್ರವಾರ: ಕಮಲಾಪುರ

ಕಮಲಾಪುರದ ಮೋಟಾರು ಬೆಳಿಗ್ಗೆ ಹೊರಟು ದಾರಿಯಲ್ಲಿ ಮೂರು ಸಲ ನಿಂತಿತು. ಎರಡು ಸಲ ಎಂಜಿನ್ನಿಗಾಗಿ, ಒಂದು ಸಲ ಡ್ರೈವರನ ಅತ್ತೆಯನ್ನು ಹತ್ತಿಸಿಕೊಳ್ಳಲು. ಮೂರನೆಯದೇ ಹೆಚ್ಚು ಹೊತ್ತು ಹಿಡಿಯಿತು. ಕಪ್ಪು ನೆಲ ಮುಗಿದು ಕೆಂಪು ನೆಲ ಬಂದು, ಮತ್ತೆ ಕಪ್ಪು ನೆಲ ಬಂತು. ಊರ ಬಳಿಯ ತೋಟಗಳಲ್ಲಿ ಕೆಂಪು ಸಿಪ್ಪೆಯ ಬಾಳೆ. ಡ್ರೈವರನ ಅತ್ತೆ ಎರಡು ಹಣ್ಣು ಕೈಗಿತ್ತು, ತಿನ್ನುವವರೆಗೂ ನಮ್ಮ ಮುಖವನ್ನೇ ನೋಡುತ್ತ ಕುಳಿತರು.

ಮುನೀರ್ ಸಾಹೇಬರು ನಮಗಿಂತ ಮೊದಲೇ ಬಂದು ಕಮಲಾಪುರದಲ್ಲಿ ಕಾಯುತ್ತಿದ್ದರು. ಮೂವತ್ತೈದರ ವಯಸ್ಸು, ಶೇರವಾನಿ, ಕೈಯಲ್ಲಿ ತುದಿಗೆ ಕಬ್ಬಿಣ ಕಟ್ಟಿದ ಬೆತ್ತ. ಬೀದರಿನಲ್ಲಿ ಹುಟ್ಟಿದವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಮಾಸ್ತರರ ಮಾತನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು. "ನಾ ನೋಡಿದ್ದು ಬರೀತೀನಿ ಮಾಸ್ತರ್ ಸಾಬ್. ಕೇಳಿದ್ದು ಬರ್ಯಂಗಿಲ್ಲ."

ಇವರು ಒಳ್ಳೆಯ ವರದಿಗಾರರಾಗಬಹುದಿತ್ತು ಎಂದುಕೊಂಡೆ.

ಹೊಲ ಅಲ್ಲಿಂದ ಎರಡು ಮೈಲಿ. ಮಾಸ್ತರರು ಎಲ್ಲರಿಗಿಂತ ಮುಂದೆ, ಕೊಡೆ ಬಿಚ್ಚುವುದನ್ನೂ ಮರೆತು ನಡೆದರು. ಶರಣಮ್ಮನ ಊರಿನ ಹತ್ತಿರ ಬಂದಾಗ ಕಾಲುದಾರಿಯನ್ನು ಗುಡಿಸಿ ನೀರು ಚಿಮುಕಿಸಿದ್ದು ಕಂಡಿತು. ಮಾಸ್ತರರ ನಡಿಗೆ ಸ್ವಲ್ಪ ನಿಧಾನವಾಯಿತು. ಬದು ಹತ್ತಿದ ಕೂಡಲೇ ಪೂರ್ತಿ ನಿಂತರು.

ಬೇವಿನ ಮರದ ಕೆಳಗೆ ಹನ್ನೊಂದು ಗುಂಡುಗಳು. ಚಿಕ್ಕದರಿಂದ ದೊಡ್ಡದರವರೆಗೆ ಗಾತ್ರದ ಪ್ರಕಾರ ಸಾಲಾಗಿ ಇಟ್ಟಿದ್ದರು. ಮಣ್ಣು ತೊಳೆದು, ಎಲ್ಲಕ್ಕೂ ಸುಣ್ಣ ಬಳಿದಿದ್ದರು. ಎದುರಿಗೆ ಕಂಬಳಿ ಹಾಸಿದ ಒಂದು ಹೊರಸು, ಪಕ್ಕದಲ್ಲಿ ನೀರಿನ ಹೊಸ ಗಡಿಗೆ. ಹೊಲವೆಲ್ಲ ಕುಂಟೆ ಹೊಡೆದು ಪಾಟಿಯಂತೆ ಸಮ ಮಾಡಿತ್ತು. ಅದರಲ್ಲಿ ಒಂದು ಕಲ್ಲೂ ಇರಲಿಲ್ಲ.

ಶರಣಮ್ಮ ಮುಂದೆ ಬಂದರು. ಅರವತ್ತು ದಾಟಿದ, ಎತ್ತರದ ಹೆಂಗಸು. ಪಕ್ಕದಲ್ಲಿ ಮಗ ಮಲ್ಕಪ್ಪ, ಹಿಂದೆ ಊರಿನ ಹತ್ತು ಹನ್ನೆರಡು ಜನ, ಎಲ್ಲರ ಮುಖದಲ್ಲೂ ಕೆಲಸ ಮುಗಿಸಿದ ಸಮಾಧಾನ.

"ಬರ್ರಿ ಸಾಹೇಬ್ರ, ಕೂಡ್ರಿ. ಬಿಸಿಲಾಗ ಹೊಲಾ ತಿರಗೋದು ನಿಮಗ್ಯಾಕ ತ್ರಾಸು ಅಂತ ಎಲ್ಲಾ ಇಲ್ಲೇ ತಂದು ಇಟ್ಟೀವ್ರಿ. ಎರಡು ದಿನ ಕಬ್ಬಿಣದ ಹಾರಿ ಹಾಕಿ ಎಬ್ಬಿಸ್ಯಾರ ಹುಡುಗ್ರು."

ಮಾಸ್ತರರು ಸಮವಾದ ಹೊಲವನ್ನು ಒಮ್ಮೆ, ಕಲ್ಲಿನ ಸಾಲನ್ನು ಒಮ್ಮೆ ನೋಡಿದರು. "ಅಕ್ಕಾ, ಇದೇನು ಮಾಡಿದಿ?" ಎಂದರು.

"ಯಾಕಪ್ಪ, ಸುಣ್ಣ ತೆಳ್ಳಗಾಯ್ತೇನು?"

ಹೊಲ

ಮುನೀರ್ ಸಾಹೇಬರು ಕಲ್ಲುಗಳನ್ನು ಒಂದೊಂದಾಗಿ ನೋಡಿದರು. ಉಗುರಿನಿಂದ ಸುಣ್ಣ ಕೆರೆದು, ಉಳಿಯ ಗುರುತು ನೋಡಿ, ದಾರದಿಂದ ಸುತ್ತಳತೆ ತೆಗೆದರು. ಕೊನೆಗೆ ಎದ್ದು ನಿಂತು, ಬಿರುಸಿಲ್ಲದ ದನಿಯಲ್ಲಿ ಹೇಳಿದರು:

"ಗುಂಡು ಹೌದು ಮಾಸ್ತರ್ ಸಾಬ್. ಮಗರ್ ಜಗಾ ಎಲ್ಲಿ? ಗುಂಡು ಎತ್ತಿನ ಗಾಡ್ಯಾಗ ಹಾಕ್ಕೊಂಡು ಎಲ್ಲಿಗಾದ್ರೂ ಒಯ್ಯಬಹುದು. ಬಿದ್ದ ಜಾಗ ನೋಡ್ಲಿಕ್ಕೆ ನಾ ಬಂದಿದ್ದು."

"ನಕ್ಷಾದಾಗ ಅದ ಸಾಹೇಬ್ರ."

"ನಕ್ಷಾ ಎಲ್ಲದ?"

ನಕ್ಷೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದು ಜಪ್ತಿಯಾದ ಮೇಲೆಯೇ ಈ ಪರೀಕ್ಷೆ ಬಂದದ್ದು.

ಕಲ್ಲು ಎಬ್ಬಿಸಿದವರೇ ಎದುರಿಗಿದ್ದರಲ್ಲ, ಅವರನ್ನು ಕೇಳಿದರಾಯಿತು ಎಂದು ಹವಾಲ್ದಾರರು ಸೂಚಿಸಿದರು. ಮುನೀರ್ ಸಾಹೇಬರು ಒಪ್ಪಿ, ಹೊಲಕ್ಕಿಳಿದು ಒಂದು ಕಡೆ ಬೆತ್ತ ಊರಿದರು. "ಇಲ್ಲಿತ್ತೇನ್ರಪ್ಪ?"

"ಹೌದ್ರಿ ಸಾಹೇಬ್ರ, ಇಲ್ಲೇ," ಎಂದಿತು ಇಡೀ ಗುಂಪು.

ಅವರು ಇಪ್ಪತ್ತು ಹೆಜ್ಜೆ ಬಲಕ್ಕೆ ಹೋದರು. "ಇಲ್ಲೋ?"

"ಅಲ್ಲೂ ಹೌದ್ರಿ."

ಬದುವಿನ ಮೇಲೇ ಹೋಗಿ ನಿಂತರು. "ಇಲ್ಲಿ?"

ಒಬ್ಬ ಸ್ವಲ್ಪ ಯೋಚಿಸಿ, "ಇರಬಹುದ್ರಿ, ತಾವು ಅಂದ ಮ್ಯಾಲ," ಎಂದ.

ಅದರಲ್ಲಿ ಮೋಸವೇನೂ ಇರಲಿಲ್ಲ. ದೂರದಿಂದ ಬಂದ ದೊಡ್ಡವರ ಮಾತಿಗೆ ಇಲ್ಲ ಎನ್ನುವುದು ಆ ಊರಿನಲ್ಲಿ ಸಭ್ಯತೆಯಲ್ಲ. ಕಲ್ಲು ಎಬ್ಬಿಸಿದ್ದೂ ಅದೇ ಸಭ್ಯತೆಯಿಂದ. ಮುನೀರ್ ಸಾಹೇಬರು ಪುಸ್ತಕ ತೆಗೆದು ಎರಡು ಸಾಲು ಬರೆದರು. ನಾನು ಇಣುಕಲಿಲ್ಲ, ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ: ಮರದ ಕೆಳಗೆ ಹನ್ನೊಂದು ಕಲ್ಲು ನೋಡಿದೆ. ಅಷ್ಟೇ ನಿಜ. ಅಷ್ಟರಿಂದ ಪರವಾನಗಿ ಬರುವುದಿಲ್ಲ.

ಜುಮ್ಮಾ ನಮಾಜಿನ ಹೊತ್ತಾಗಿತ್ತು. ಕಮಲಾಪುರದ ಮಸೀದಿಗೆ ಹೋಗಿ ಬರುವುದಾಗಿಯೂ, ಬಂದ ಮೇಲೆ ಎಲ್ಲರೂ ಕೂಡಿ ಮೋಟಾರಿಗೆ ಹೋಗುವುದಾಗಿಯೂ ಹೇಳಿ ಅವರು ಹೊರಟರು.

ಶರಣಮ್ಮ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಮಾಸ್ತರರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕುಳಿತರು. ಆಗಿದ್ದನ್ನು ಹವಾಲ್ದಾರರು ಶರಣಮ್ಮನಿಗೆ ಬಿಡಿಸಿ ಹೇಳಿದ್ದರಿಂದ ಆಕೆಯೂ ತಿನ್ನಲಿಲ್ಲ. "ಹತ್ತು ವರ್ಷ ಬಂದು ಆ ಕಲ್ಲಿನ ಮುಂದ ಕೂಡ್ತಿದ್ದಿ. ಸರಿಸಬ್ಯಾಡ ಅಂತ ಒಂದ್ಸಲ ಬಾಯಿ ಬಿಟ್ಟು ಹೇಳಿದ್ದಿಲ್ಲಲ್ಲೋ ತಮ್ಮಾ," ಎಂದು ಮಾಸ್ತರರನ್ನೇ ಬೈದು, ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಲ್ಕಪ್ಪನಿಗೆ ಬೇರೆಯೇ ಚಿಂತೆ. ಹೊಲ ಇನ್ನೂ ಚೆನ್ನಾಗಿ ಸಮವಾಗಬೇಕಿತ್ತು ಎಂದು ಅವನು ತಪ್ಪೊಪ್ಪಿಗೆ ಹೇಳತೊಡಗಿದ. "ನಿನ್ನಿ ಕುಂಟಿ ಹೊಡಿಯಾಗ ನಮ್ಮ ಮುದಿ ಎತ್ತು, ಆ ಮುದ್ಯಾ, ಭಾಳ ಹಟ ಮಾಡ್ತುರಿ. ಕಲ್ಲು ತಗದೀವಿ, ಸಾಲು ನೆಟ್ಟಗದ, ಇದು ಮಾತ್ರ ನಡುನಡುವ ಸಾಲು ಬಿಟ್ಟು ಹೊಳ್ಳತದ. ಬಾರುಕೋಲಿಲೆ ನಾಕು ಹಾಕ್ದೆ. ಆದ್ರೂ ಹೊಳ್ಳತದ. ಅದಕ್ಕ ಅಲ್ಲಲ್ಲಿ ಸೊಟ್ಟ ಆಗ್ಯದ ನೋಡ್ರಿ."

ಮಾಸ್ತರರ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

"ಎಲ್ಲಿ ಹೊಳ್ತು?"

"ಅದ್ಯಾರಿಗಿ ನೆನಪದ್ರಿ. ಕಲ್ಲಿದ್ದಲ್ಲೆಲ್ಲಾ ಹೊಳ್ಳೇ ಹೊಳ್ಳತದ. ಹದಿಮೂರು ವರ್ಷ ಈ ಹೊಲಾ ಹೊಡೆದದ ಅದು."

ಮುದ್ಯಾ

ಮುನೀರ್ ಸಾಹೇಬರು ಬಂದಾಗ ಎತ್ತುಗಳನ್ನು ಕುಂಟೆಗೆ ಹೂಡಿ ನಿಲ್ಲಿಸಿತ್ತು. ಎಡಕ್ಕೆ ಮುದ್ಯಾ ಎಂಬ ಆ ಮುದಿ ಎತ್ತು, ಒಂದು ಕೋಡು ಮೊಂಡು. ಬಲಕ್ಕೆ ಹೋದ ವರ್ಷ ಬಂದ ಹೋರಿ. ಕಲ್ಲಿದ್ದ ಜಾಗವನ್ನು ಈ ಎತ್ತೇ ತೋರಿಸುತ್ತದೆ ಎಂದು ಮಾಸ್ತರರು ಹೇಳಿದರು. ಸಾಹೇಬರು ನಗಲಿಲ್ಲ. ಗಡಿಯಾರ ನೋಡಿಕೊಂಡು, ಮೂರು ಷರತ್ತು ಹಾಕಿದರು. ಮಲ್ಕಪ್ಪ ಕುಂಟೆ ಹಿಡಿಯಬಾರದು. ಆ ಹೊಲವನ್ನು ಮೊದಲು ನೋಡಿರದವರು ಹಿಡಿಯಬೇಕು. ಊರವರು ಬೆನ್ನು ತಿರುಗಿಸಿ ಕೂರಬೇಕು.

ಊರವರು ಕೂಡಲೇ ತಿರುಗಿ ಕುಳಿತರು. ಸಾಹೇಬರು ಹೇಳಿದ್ದಾರಲ್ಲ.

ಹವಾಲ್ದಾರರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಕುಂಟೆ ಹಿಡಿದರು. ರೈತನ ಮಗ, ಕೈ ಮರೆತಿರಲಿಲ್ಲ. ಬಾರುಕೋಲು ಕೆಳಗಿಟ್ಟು, ಹಗ್ಗ ಸಡಿಲ ಬಿಟ್ಟು, ಬಾಯಿಂದ ಮಾತ್ರ ಸದ್ದು ಮಾಡಿದರು. ಮುನೀರ್ ಸಾಹೇಬರು ನನಗೆ ತೊಗರಿ ಕಟ್ಟಿಗೆಯ ಒಂದು ಹೊರೆ ಕೊಟ್ಟು, ಎತ್ತು ತಿರುಗಿದಲ್ಲಿ ಊರುತ್ತ ಹೋಗಿ ಎಂದರು.

ಮೊದಲ ಸಾಲು ತುದಿಯವರೆಗೆ ನೆಟ್ಟಗೆ ಹೋಯಿತು. ಎರಡನೆಯದೂ ಹಾಗೆಯೇ. ಮಾಸ್ತರರು ನೆಲ ನೋಡುತ್ತ ನಿಂತಿದ್ದರು. ಮೂರನೆಯ ಸಾಲಿನ ನಡುವೆ, ಎದುರಿಗೆ ಏನೂ ಇಲ್ಲದ ಕಡೆ, ಮುದ್ಯಾ ತಲೆ ತಗ್ಗಿಸಿ ಎಡಕ್ಕೆ ಸರಿದು, ಹೋರಿಯನ್ನೂ ಎಳೆದುಕೊಂಡು, ಅರ್ಧ ಸುತ್ತು ಹಾಕಿ ಮತ್ತೆ ಸಾಲಿಗೆ ಬಂತು. ಇಲ್ಲದ ಕಲ್ಲಿಗೆ ದಾರಿ ಬಿಟ್ಟುಕೊಟ್ಟ ಹಾಗೆ.

ನಾನು ಕಟ್ಟಿಗೆ ಊರಿದೆ. ಮುನೀರ್ ಸಾಹೇಬರು ಅದರ ಪಕ್ಕದ ನೆಲಕ್ಕೆ ಬೆತ್ತ ಒತ್ತಿದರು. ಕಬ್ಬಿಣದ ತುದಿ ಒಂದು ಮೊಳ ಇಳಿಯಿತು. ನಾಲ್ಕು ಹೆಜ್ಜೆ ಆಚೆ ಒತ್ತಿದರು, ನಾಲ್ಕು ಬೆರಳಿಗೇ ಗಟ್ಟಿ ನೆಲ ತಾಗಿ ನಿಂತಿತು. ಅಲ್ಲಿ ಹೊಸದಾಗಿ ತುಂಬಿದ ಗುಂಡಿಯಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅಷ್ಟು ದೊಡ್ಡ ಹೊಲದಲ್ಲಿ ಎಲ್ಲಿ ಒತ್ತಿ ನೋಡಬೇಕೆಂದು ತಿಳಿಸುವವರು ಬೇಕಿತ್ತು. ಆ ಕೆಲಸವನ್ನು ಎತ್ತು ಮಾಡುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಹೊಲದಲ್ಲಿ ಹತ್ತು ಕಟ್ಟಿಗೆಗಳು ನಿಂತಿದ್ದವು. ಹತ್ತನೆಯ ಕಡೆ ಎತ್ತು ತಿರುಗಿರಲಿಲ್ಲ, ಸುಮ್ಮನೆ ನಿಂತುಬಿಟ್ಟಿತ್ತು. ಅಲ್ಲಿ ಬೆತ್ತ ಇಳಿಯಲಿಲ್ಲ.

"ಇದೂ ಹಿಡೀರಿ ಸಾಹೇಬ್ರ," ಎಂದರು ಮಾಸ್ತರರು. ಆಸೆ ಅವರನ್ನೂ ಬಿಟ್ಟಿರಲಿಲ್ಲ.

ಬೆನ್ನು ತಿರುಗಿಸಿ ಕುಳಿತಿದ್ದ ಶರಣಮ್ಮ ಅಲ್ಲಿಂದಲೇ ಕೂಗಿದರು. "ಬದುವಿನ ಕಡಿಗಿ ನಿಂತದೇನು? ಅದು ಮಲ್ಕಪ್ಪ ಉಣ್ಣೋ ಜಾಗಾ. ಅಲ್ಲಿ ಅದಕ್ಕ ದಿನಾ ಅರ್ಧ ರೊಟ್ಟಿ ಸಿಗತದ."

ಆ ದಿನ ಆ ಊರಿನವರು ಸಾಹೇಬರ ಎದುರು ಅವರಿಗೆ ಬೇಕಾದದ್ದನ್ನು ಬಿಟ್ಟು ಇದ್ದದ್ದನ್ನು ಹೇಳಿದ್ದು ಅದೊಂದೇ ಸಲ. ಮುನೀರ್ ಸಾಹೇಬರು ಹತ್ತನೆಯ ಕಟ್ಟಿಗೆಯನ್ನು ತಾವೇ ಕಿತ್ತರು. ಒಂಬತ್ತು ಉಳಿದವು. ಎರಡು ಕಲ್ಲುಗಳ ಜಾಗ ಸಿಗಲೇ ಇಲ್ಲ.

ಪೂರ್ವದ ದಿಬ್ಬ ಹತ್ತಿ ತಿರುಗಿ ನೋಡಿದೆವು. ಒಂಬತ್ತು ತೊಗರಿ ಕಟ್ಟಿಗೆಗಳು ನಮ್ಮ ಕಾಲ ಬುಡದಿಂದ ಹೊರಟ ಬೀಸಣಿಗೆಯ ಅಂಚಿನ ಹಾಗೆ ಹರಡಿದ್ದವು. ನಾನು ಅದನ್ನು ಕಂಡೆ. ಮುನೀರ್ ಸಾಹೇಬರೂ ಕಂಡರೆಂದು ಅವರ ಪೆನ್ಸಿಲು ಹೇಳಿತು. ಮಾಸ್ತರರು ಬೆಳಿಗ್ಗೆಯಿಂದ ಮಡಿಸಿಯೇ ಹಿಡಿದಿದ್ದ ಕೊಡೆಯನ್ನು ಬಿಚ್ಚಿಕೊಂಡರು.

ಹವಾಲ್ದಾರರು ದಿಬ್ಬ ಹತ್ತಿರಲಿಲ್ಲ. ಕಟ್ಟಿಗೆಗಳ ನಡುವೆ ನಿಂತು ನಮ್ಮ ಕಡೆ, ಅಂದರೆ ತೋಪುಗಳಿದ್ದ ಕಡೆ, ನೋಡುತ್ತಿದ್ದರು. ಆಮೇಲೆ ಸುತ್ತಲೂ ನೋಡಿದರು. ಅಡಗಲು ಒಂದು ಗಿಡವಿಲ್ಲ. ಕೆಳಗೆ ಬಂದಾಗ ನನಗೆ ಹೇಳಿದರು: "ನಾವು ಬಸ್ರಾದಾಗ ತಗ್ಗು ತೋಡಿ ಕುಂತಿದ್ವಿ. ಇಲ್ಲಿಯವ್ರಿಗೆ ಅದೂ ಇದ್ದಿಲ್ಲ ನೋಡ್ರಿ." ಎರಡು ದಿನದಲ್ಲಿ ಅವರು ಯುದ್ಧದ ಬಗ್ಗೆ ಆಡಿದ್ದು ಅಷ್ಟೇ. ಯಾರು ಗೆದ್ದರೆಂದು ಮತ್ತೆ ಕೇಳಲಿಲ್ಲ.

ಮುನೀರ್ ಸಾಹೇಬರು ಹೊರಸಿನ ಮೇಲೆ ಕುಳಿತು ಬರೆದರು. "ಎತ್ತಿನ ಸಾಕ್ಷಿ ಬರೀಲಿಕ್ಕೆ ನಮ್ಮ ಕಚೇರಿ ಕಾಗದದಾಗ ಖಾನೆ ಇಲ್ಲ," ಎಂದರು. "ಒಂಬತ್ತು ಕಡೆ ಮಣ್ಣು ಸಡಿಲಿತ್ತು, ನೋಡಿದೆ. ಅದನ್ನ ಬರ್ದೀನಿ.  ಜಪ್ತಾದ ನಕ್ಷಾ ಕಳಸ್ರಿ, ಈ ಒಂಬತ್ತು ಜಾಗದ ಜೋಡಿ ತಾಳೆ ನೋಡ್ಬೇಕು ಅಂತ ಆ ಕಚೇರಿಗೂ ಬರ್ದೀನಿ. ತಾಳೆ ಬಿದ್ರ ನಿಮ್ಮದು. ಬೀಳಲಿಲ್ಲಾ ಅಂದ್ರ ನನ್ನ ಬೈಬ್ಯಾಡ್ರಿ."

"ಬೀಳ್ತಾವ್ರಿ."

"ಇನ್ಶಾ ಅಲ್ಲಾ." ಹೊರಡುವ ಮೊದಲು ಮುದ್ಯಾನ ಹಣೆ ತಟ್ಟಿದರು. "ಇಡೀ ಊರಾಗ ನನ್ನ ಮುಖ ನೋಡಿ ಜವಾಬು ಕೊಡದವ ಇಂವ ಒಬ್ನೇ."

ಕಲ್ಲುಗಳನ್ನು ಕಟ್ಟಿಗೆ ಇದ್ದಲ್ಲಿಗೆ ಉರುಳಿಸುವ ಕೆಲಸ ಆಗಲೇ ಶುರುವಾಗಿತ್ತು. ಸುಣ್ಣ ತೊಳೆಯಬೇಕೇ ಎಂದು ಮಲ್ಕಪ್ಪ ಕೇಳಿದ. ಯಾವುದನ್ನೂ ತೊಳೆಯಬೇಡ, ಉರುಳಿಸಿಟ್ಟ ಮೇಲೆ ಯಾವುದನ್ನೂ ಮುಟ್ಟಬೇಡ ಎಂದು ಮಾಸ್ತರರು ಈ ಸಲ ಬಾಯಿ ಬಿಟ್ಟು ಹೇಳಿದರು.

ಶನಿವಾರ: ಸ್ಟೇಷನ್ನು

ಬೆಳಿಗ್ಗೆ ಶರಣಸಿರಸಗಿಗೆ ಹೋದೆ. ಚಪ್ಪಲಿ ಕೊಟ್ಟ ರೈತ ಮನೆಯಲ್ಲಿರಲಿಲ್ಲ. ಚಪ್ಪಲಿಯ ಪಕ್ಕದಲ್ಲಿ ನನ್ನ ಬೂಟನ್ನೂ ಇಟ್ಟು ಬರಿಗಾಲಲ್ಲಿ ಸ್ಟೇಷನ್ನಿಗೆ ಬಂದೆ. ಈ ಸಲ ನಾಕೆಯವರಿಗೆ ಓದಲು ನನ್ನ ಹತ್ತಿರ ಪತ್ರಿಕೆಯಿರಲಿಲ್ಲ.

ನಾವು ಗಾಡಿ ಕಾಯುತ್ತಿದ್ದಾಗ ಎದುರಿನ ಗಾಡಿಯಿಂದ ಸ್ಥೂಲ ದೇಹದವರೊಬ್ಬರು ಇಳಿದರು. ಕೈಕೋಲು, ದುರ್ಬೀನು, ಹೆಗಲಿಗೆ ನೀರಿನ ಚೆಂಬು. ವಿಜಾಪುರದ ವಕೀಲರು. ವಾರದ ಕೊನೆ ಎಂದರೆ ಶನಿವಾರವೆಂದು ನಂಬಿ, ಒಳಪುಟದ ಕೆಳಮೂಲೆಯನ್ನು ಓದದೆ ಬಂದಿದ್ದರು. ನಮ್ಮನ್ನು ಕಳಿಸಲು ಬಂದಿದ್ದ ಮಾಸ್ತರರು ಪಾಟಿಯನ್ನು ಎದೆಗೆ ಎತ್ತಿ ಹಿಡಿಯಲು ಹೋಗಿ, ಪರವಾನಗಿಯ ನೆನಪಾಗಿ, ಬೆನ್ನ ಹಿಂದೆ ಅಡಗಿಸಿಕೊಂಡರು. ವಕೀಲರಿಗೆ ಏನು ಹೇಳಿದರೋ, ಅಷ್ಟರಲ್ಲಿ ನಮ್ಮ ಗಾಡಿ ಹೊರಟುಬಿಟ್ಟಿತು.

ನನ್ನ ವರದಿಯಲ್ಲಿ ಸಂಪಾದಕರು ಎತ್ತಿನ ಭಾಗವನ್ನು ತೆಗೆದರು. ಓದುಗರು ನಂಬುವುದಿಲ್ಲವೆಂಬುದು ಅವರ ಕಾರಣ. ನಾನು ವಾದಿಸಲಿಲ್ಲ. ಅದಕ್ಕೇ ಇಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿದ್ದೇನೆ.

ಮಳೆಗಾಲ ಕಳೆದ ಮೇಲೆ ಮಾಸ್ತರರ ಕಾರ್ಡು ಬಂತು. ಒಂಬತ್ತು ಜಾಗಗಳೂ ನಕ್ಷೆಗೆ ತಾಳೆಯಾದವು. ನಕ್ಷೆಯ ಮೇಲೆ ಎರಡು ಮುದ್ರೆ ಒತ್ತಿ ಮರಳಿಸಿದ್ದಾರೆ, ಒಂದು ಸರಿಯಾಗಿ ದಿಬ್ಬದ ಮೇಲೆಯೇ ಬಿದ್ದಿದೆ. ಮಳೆಗೆ ಕಲ್ಲಿನ ಸುಣ್ಣ ಹೋಯಿತು. ಮುದ್ಯಾ ಈಗ ಎಲ್ಲಿ ಕಟ್ಟಿಗೆ ನೆಟ್ಟರೂ ಹೊರಳುತ್ತಾನಂತೆ. ನಡಿಗೆಗೆ ಪರವಾನಗಿ ಸಿಕ್ಕಿದೆ, ಒಂದು ಷರತ್ತಿನ ಮೇಲೆ. ಜೊತೆಗೆ ಒಬ್ಬ ಪೊಲೀಸ್ ಜವಾನ ನಡೆಯಬೇಕು.

"ಜವಾನ ಭಾಳ ಒಳ್ಳೆಯವನು," ಎಂದು ಮಾಸ್ತರರು ಬರೆದಿದ್ದರು. "ಕೊಡವನ್ನೂ ಹೊರುತ್ತಾನೆ. ಆದರೆ ಶುಕ್ರವಾರ ಸಂಜೆ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು, ಯಾರು ಗೆದ್ದರೆಂದು ಹೇಳಿಬಿಡುತ್ತಾನೆ. ಬಂದವರ ಮುಖ ನೋಡಿ ಹೇಳುತ್ತಾನೆ. ಹಾಗಾಗಿ ಪ್ರತಿ ವಾರ ಬೇರೆಯವರು ಗೆಲ್ಲುತ್ತಿದ್ದಾರೆ."